ಸ್ನೇಹದ ಮಾತು

ಕೊಬ್ಬು ಎಂಬ ಮಾತಿಗೆ ಕನ್ನಡದಲ್ಲಿ ಮರ್ಯಾದೆಯಿಲ್ಲ. ಹಿರಿಯರಿಗೆ ಎದುರಾಡಿದ ಹುಡುಗನಿಗೆ ಕೊಬ್ಬು. ಹೊಸದಾಗಿ ನಾಲ್ಕು ಕಾಸು ಕಂಡವನಿಗೆ ಕೊಬ್ಬು. ಗದರಿದರೂ ಬಾಗಿಲು ಬಿಟ್ಟು ಕದಲದ ಬೀದಿನಾಯಿಗೂ ಕೊಬ್ಬು. ಇನ್ನು ಜಿಡ್ಡು ಎಂದರಂತೂ ತೀರಿತು. ಅದು ಬೂದಿ ಹಾಕಿ ತಿಕ್ಕಿ ತೊಳೆಯಬೇಕಾದ ವಸ್ತು. ಆದರೆ ಇಷ್ಟೆಲ್ಲ ಬೈದ ನಾವೇ ಅದೇ ಪದಾರ್ಥಕ್ಕೆ ಇನ್ನೊಂದು ಹೆಸರನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇವೆ: ಸ್ನೇಹ. ಸಂಸ್ಕೃತದಲ್ಲಿ ಸ್ನೇಹವೆಂದರೆ ಎಣ್ಣೆ, ಸ್ನೇಹವೆಂದರೆ ಪ್ರೀತಿ. ಆಯುರ್ವೇದದ ಪಂಡಿತರು ತುಪ್ಪ, ಎಣ್ಣೆ, ವಸೆ, ಮಜ್ಜೆ ಎಂದು ಸ್ನೇಹವನ್ನು ನಾಲ್ಕು ಬಗೆಯಾಗಿ ಎಣಿಸುತ್ತಾರೆ. ಅದರ ತದ್ಭವ ‘ನೇಹ’. ಆ ಮಾತು ಕೇಳಿದರೆ ನಮಗೆ ನೆನಪಾಗುವುದು ಗೆಳೆತನವೇ ಹೊರತು ಎಣ್ಣೆಯ ಕೈಯಲ್ಲ.

ಹದಿನೆಂಟು ವರ್ಷಗಳಿಂದ ತರಗತಿಯಲ್ಲಿ ದೀಪದ ವರ್ಣನೆ ಬಂದಾಗಲೆಲ್ಲ ನಾನು ಈ ಶ್ಲೇಷೆಯನ್ನು ಬಿಡಿಸಿ ಹೇಳುತ್ತ ಬಂದಿದ್ದೇನೆ. ಸ್ನೇಹ ತೀರಿದರೆ ದೀಪವೂ ಆರುತ್ತದೆ, ಮನೆಯೂ ಆರುತ್ತದೆ ಎಂದರೆ ಮುಂದಿನ ಬೆಂಚಿನವರು ಬರೆದುಕೊಳ್ಳುತ್ತಾರೆ, ಹಿಂದಿನ ಬೆಂಚಿನವರು ಕಿಟಕಿಯ ಕಡೆ ನೋಡುತ್ತಾರೆ. ಒಮ್ಮೆ ಅಧ್ಯಾಪಕರ ಕೊಠಡಿಯಲ್ಲಿ ಚಹಾ ಕುಡಿಯುತ್ತ ಇದೇ ಮಾತು ಬಂದಾಗ, ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು, “ಸ್ವಾಮಿ, ನೀವು ಶ್ಲೇಷೆ ಅನ್ನುತ್ತೀರಿ, ನಮ್ಮಲ್ಲಿ ಅದು ವಾಚ್ಯಾರ್ಥ. ನಿಮ್ಮ ತಲೆಯೊಳಗೆ ಕೊಬ್ಬು ಮಾತಾಡುತ್ತದೆ. ನರಕ್ಕೆ ‘ಬಾ’ ಅನ್ನುತ್ತದೆ, ‘ನಿಲ್ಲು’ ಅನ್ನುತ್ತದೆ” ಎಂದರು. ತಲೆಯಲ್ಲಿ ಕೊಬ್ಬಿದೆ ಎಂದು ನನಗೆ ಮನೆಯಲ್ಲಿ ಹಿಂದೆಯೂ ಹೇಳಿದ್ದುಂಟು. ಆದರೆ ಅದು ಮಾತಾಡುತ್ತದೆ ಎಂಬುದು ಹೊಸ ಸುದ್ದಿ. ಅವರು ಕೊಟ್ಟ ಪುಸ್ತಕಗಳನ್ನು ಅವರ ಸಹಾಯದಿಂದಲೇ ಓದಿ ನನಗೆ ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ.

ಮಿದುಳಿನ ನೀರನ್ನೆಲ್ಲ ತೆಗೆದುಬಿಟ್ಟರೆ ಉಳಿಯುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೊಬ್ಬಿನ ಜಾತಿಯದು. ಇದನ್ನು ಮೊದಲು ಪಟ್ಟು ಹಿಡಿದು ಲೆಕ್ಕಹಾಕಿದವನು ತುಡಿಕುಮ್ ಎಂಬ ವೈದ್ಯ. ೧೮೨೯ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ರಸಾಯನಶಾಸ್ತ್ರದ ಮಹಾಗುರು ಲೀಬಿಗ್‌ನ ಬಳಿ ಕಲಿತು, ಲಂಡನ್ನಿಗೆ ಬಂದು ನೆಲೆಸಿದವನು. ಕಸಾಯಿಖಾನೆಯ ದನಗಳ ಮಿದುಳು, ಮನುಷ್ಯರ ಮಿದುಳು ಎಂದು ಸಾವಿರಕ್ಕೂ ಮೇಲ್ಪಟ್ಟು ಮಿದುಳುಗಳನ್ನು ತಂದು, ಮದ್ಯಸಾರದಲ್ಲಿ ಅದ್ದಿ, ಅದರೊಳಗಿನ ಜಿಡ್ಡುಗಳನ್ನು ಒಂದೊಂದಾಗಿ ಬೇರ್ಪಡಿಸಿದನು. ೧೮೮೪ರಲ್ಲಿ ಮಿದುಳಿನ ರಸಾಯನವನ್ನು ಕುರಿತ ಅವನ ದೊಡ್ಡ ಗ್ರಂಥ ಹೊರಬಂತು. ಅದರಲ್ಲಿ ಒಂದು ಪದಾರ್ಥ ಎಷ್ಟು ವಿಧದಲ್ಲಿ ಪರೀಕ್ಷಿಸಿದರೂ ತನ್ನ ಗುಟ್ಟನ್ನು ಬಿಟ್ಟುಕೊಡಲಿಲ್ಲ. ಗ್ರೀಕರ ಕಥೆಯಲ್ಲಿ ದಾರಿಹೋಕರನ್ನು ತಡೆದು ಒಗಟು ಕೇಳುವ ಸ್ಫಿಂಕ್ಸ್ ಇದೆಯಲ್ಲ, ಅದನ್ನು ನೆನೆದು ಅವನು ಈ ಪದಾರ್ಥಕ್ಕೆ ‘ಸ್ಫಿಂಗೊಸಿನ್’ ಎಂದು ಹೆಸರಿಟ್ಟನು. ಅವನ ಕಾಲದ ದೊಡ್ಡ ಪಂಡಿತರು ಕೆಲವರು ಅವನ ಕೆಲಸವನ್ನು ಹಳಿದರು. ೧೯೦೧ರಲ್ಲಿ ಅವನು ತೀರಿಕೊಂಡಾಗ ಅವನಿಗೆ ನ್ಯಾಯ ಸಿಕ್ಕಿರಲಿಲ್ಲ. ನನಗೆ ಈ ಮನುಷ್ಯನ ಮೇಲೆ ಅಭಿಮಾನ ಹುಟ್ಟಲು ಇನ್ನೊಂದು ಕಾರಣವಿದೆ: ಅವನು ಅಡಿಗೆಯ ಮೇಲೂ ಒಂದು ದಪ್ಪ ಪುಸ್ತಕ ಬರೆದಿದ್ದಾನೆ. ಜಿಡ್ಡಿನ ಮರ್ಮ ಅಡಿಗೆಮನೆಯ ಮರ್ಯಾದೆ ತಿಳಿದವನಿಗಲ್ಲದೆ ಮತ್ತಾರಿಗೆ ಒಲಿದೀತು!

ಹೆಸರೇನೋ ಸಿಕ್ಕಿತು, ಒಗಟು ಹಾಗೆಯೇ ಉಳಿಯಿತು. ಅವನ ತರುವಾಯದ ಬಹಳ ಕಾಲ ವಿಜ್ಞಾನಿಗಳು ಕೊಬ್ಬನ್ನು ಗಾರೆಯ ಹಾಗೆ ಕಂಡರು. ಜೀವಕೋಶದ ಸುತ್ತ ಎರಡು ಪದರದ ಪೊರೆಯಾಗಿ ನಿಲ್ಲುವುದು, ನರತಂತುವಿಗೆ ಸುತ್ತಿಕೊಂಡು ವಿದ್ಯುತ್ ತಂತಿಯ ಮೇಲಿನ ಹೊದಿಕೆಯಂತೆ ಕಾಯುವುದು, ಹೊಟ್ಟೆಗಿಲ್ಲದಾಗ ಉರಿದು ಶಕ್ತಿ ಕೊಡುವುದು, ಇಷ್ಟೇ ಅದರ ಕೆಲಸ. ಮಾತುಕತೆ, ಆಜ್ಞೆ, ಸಂದೇಶಗಳೆಲ್ಲ ಪ್ರೋಟೀನುಗಳ ಪಾಲು. ಮನೆಯೊಳಗಿನ ಜನ ಮಾತಾಡುತ್ತಾರೆ, ಗೋಡೆ ಮಾತಾಡುವುದುಂಟೆ?

ಗೋಡೆಯ ಮಾತಿಗೆ ಬರುವ ಮುಂಚೆ ನರ ಬೆಳೆಯುವುದು ಹೇಗೆಂಬುದನ್ನು ಕೊಂಚ ನೋಡಬೇಕು. ನರಕೋಶ ಹುಟ್ಟಿದಲ್ಲಿ ಕುಳಿತಿರುತ್ತದೆ. ಅದರ ತಂತು ಮಾತ್ರ ಊರೂರು ದಾಟಿ ಹೋಗುತ್ತದೆ. ಬೆನ್ನಿನ ಬುಡದಲ್ಲಿರುವ ಕೋಶದ ತಂತು ಕಾಲಿನ ಹೆಬ್ಬೆರಳನ್ನು ಮುಟ್ಟಬೇಕು. ದಾರಿ ತೋರಿಸುವವರು ಯಾರು? ೧೮೯೦ರಲ್ಲಿ ಸ್ಪೇನಿನ ಕಾಹಾಲ್ ಎಂಬಾತ ಕೋಳಿಯ ಪಿಂಡದ ಬೆನ್ನುಹುರಿಯಲ್ಲಿ ಬೆಳೆಯುತ್ತಿರುವ ತಂತುವಿನ ತುದಿಯನ್ನು ಕಂಡನು. ಅದು ಶಂಕುವಿನ ಆಕಾರದಲ್ಲಿ ಉಬ್ಬಿಕೊಂಡಿತ್ತು. ‘ಬೆಳವಣಿಗೆಯ ಶಂಕು’ ಎಂದು ಅದಕ್ಕೆ ಹೆಸರಿಟ್ಟನು. ೧೯೦೭ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಪಿಂಡದ ನರದ ತುಣುಕನ್ನು ಕಪ್ಪೆಯದೇ ದುಗ್ಧರಸದ ಒಂದು ಹನಿಯಲ್ಲಿ ತೂಗುಬಿಟ್ಟು, ತಂತು ತನ್ನಷ್ಟಕ್ಕೆ ಮುಂದುವರಿಯುವುದನ್ನು ಕಣ್ಣಾರೆ ನೋಡಿದನು. ಆ ಶಂಕುವಿನ ತುದಿಯಲ್ಲಿ ನವಿರಾದ ಬೆರಳುಗಳಿರುತ್ತವೆ. ಕತ್ತಲಲ್ಲಿ ಬಾಗಿಲ ಚಿಲಕ ಹುಡುಕುವವರ ಕೈಯಂತೆ ಅವು ಅತ್ತ ತಡವುತ್ತವೆ, ಇತ್ತ ತಡವುತ್ತವೆ. ಒಪ್ಪಿಗೆಯಾದಲ್ಲಿ ಊರುತ್ತವೆ, ಆಗದಲ್ಲಿ ಹಿಂದೆಗೆಯುತ್ತವೆ.

ಏನನ್ನು ಕಂಡು ಒಪ್ಪಿಗೆ, ಏನನ್ನು ಕಂಡು ಅಂಜಿಕೆ? ಇಪ್ಪತ್ತನೆಯ ಶತಮಾನದಲ್ಲಿ ಸಿಕ್ಕ ಮೊದಲ ಉತ್ತರಗಳೆಲ್ಲ ಪ್ರೋಟೀನಿನವು. ಅದರಲ್ಲಿ ರೀಟಾ ಲೆವಿ ಮೊಂಟಾಲ್ಚಿನಿಯ ಕಥೆ ಯಾವ ಕಾದಂಬರಿಗೂ ಕಡಮೆಯಲ್ಲ. ೧೯೩೮ರಲ್ಲಿ ಇಟಲಿಯ ಜನಾಂಗದ ಕಾನೂನು ಯೆಹೂದ್ಯಳಾದ ಆಕೆಯನ್ನು ವಿಶ್ವವಿದ್ಯಾಲಯದಿಂದ ಹೊರಗಟ್ಟಿತು. ಯುದ್ಧ ನಡೆಯುತ್ತಿದ್ದಾಗ ಆಕೆ ತನ್ನ ಮಲಗುವ ಕೋಣೆಯಲ್ಲೇ ಕೋಳಿಮೊಟ್ಟೆಗಳನ್ನು ಇಟ್ಟುಕೊಂಡು ನರದ ಬೆಳವಣಿಗೆಯನ್ನು ಪರೀಕ್ಷಿಸಿದಳು. ಮುಂದೆ ಅಮೆರಿಕದಲ್ಲಿ ಆಕೆ ಕಂಡುಹಿಡಿದ ನರಪೋಷಕ ಪ್ರೋಟೀನಿಗಾಗಿ ೧೯೮೬ರಲ್ಲಿ ಸ್ಟ್ಯಾನ್ಲಿ ಕೋಹೆನ್ನನ ಜೊತೆಗೆ ನೊಬೆಲ್ ಬಂತು.

ಆ ಹೊತ್ತಿಗೆ ಗೋಡೆ ಕೂಡ ಮಾತಾಡಲು ಬಾಯಿ ತೆರೆಯುತ್ತಿತ್ತು. ಪೊರೆಯಲ್ಲಿರುವ ಕೊಬ್ಬಿನ ಅಣುವಿಗೆ ಸಾಮಾನ್ಯವಾಗಿ ಒಂದು ತಲೆ, ಎರಡು ಬಾಲ. ಕಿಣ್ವವೆಂಬ ಕತ್ತರಿ ಬಂದು ಒಂದು ಬಾಲವನ್ನು ಕತ್ತರಿಸಿ, ತಲೆಯನ್ನೂ ಸ್ವಲ್ಪ ಸವರಿತೆನ್ನಿ. ಒಂಟಿ ಬಾಲದ ಅಣು ಗೋಡೆಯನ್ನು ಬಿಟ್ಟು ಹೊರಬೀಳುತ್ತದೆ. ಇಂಥದೊಂದರ ಹೆಸರು ಲೈಸೊಫಾಸ್ಫಾಟಿಡಿಕ್ ಆಮ್ಲ. ಉಚ್ಚರಿಸಲು ನಾಲಿಗೆಗೆ ಕಷ್ಟ. ಇಂಗ್ಲಿಷಿನವರೂ ಎಲ್‌ಪಿಎ ಎಂದೇ ಕರೆದು ಕೈತೊಳೆದುಕೊಳ್ಳುತ್ತಾರೆ. ೧೯೯೦ರ ದಶಕದ ಮೊದಲಲ್ಲಿ ಹಾಲೆಂಡಿನ ವಿಜ್ಞಾನಿಗಳು ತಂತು ಚಾಚಿಕೊಂಡಿದ್ದ ನರಜಾತಿಯ ಕೋಶಗಳ ಮೇಲೆ ಇದನ್ನು ಹನಿಸಿದರು. ಕೆಲವೇ ನಿಮಿಷಗಳಲ್ಲಿ ತಂತುಗಳು ಒಳಕ್ಕೆ ಸೆಳೆದುಕೊಂಡವು, ಕೋಶಗಳು ಮುಟ್ಟಿದರೆ ಮುನಿಯಂತೆ ಮುದುಡಿ ಉಂಡೆಯಾದವು. ೧೯೯೬ರಲ್ಲಿ ಅಮೆರಿಕದ ಜೆರಾಲ್ಡ್ ಚುನ್ ಅವರ ತಂಡ, ನರಕೋಶಗಳು ಹುಟ್ಟುವ ಮಿದುಳಿನ ಭಾಗದಲ್ಲಿ ಈ ಮಾತನ್ನು ಕೇಳಿಸಿಕೊಳ್ಳುವ ಕಿವಿಯನ್ನು ಗುರುತಿಸಿತು. ವಿಜ್ಞಾನಿಗಳು ಅದನ್ನು ‘ಗ್ರಾಹಕ’ವೆನ್ನುತ್ತಾರೆ. ಕೋಶದ ಮೈಮೇಲೆ ನಿಂತು, ಹೊರಗಿನ ಅಣು ಬಂದು ತಾಗಿದೊಡನೆ ಒಳಗೆ ಸುದ್ದಿ ಮುಟ್ಟಿಸುವ ಪ್ರೋಟೀನು ಅದು. ಸುದ್ದಿ ಒಳಗೆ ಹೋದರೆ ಕೋಶದ ಸಣ್ಣ ಎಳೆಗಳು ಹಗ್ಗ ಬಿಗಿದಂತೆ ಬಿಗಿಯುತ್ತವೆ, ಶಂಕು ಕುಸಿಯುತ್ತದೆ, ತಂತು ಹಿಂದಕ್ಕೆ ಸರಿಯುತ್ತದೆ.

ಹಾಗಾದರೆ ಇದು ಬರಿಯ ಬೈಗುಳವೆ? ಅಲ್ಲ. ೨೦೦೩ರಲ್ಲಿ ಅದೇ ತಂಡದವರು ಇಲಿಯ ಪಿಂಡದ ಎಳೆಯ ಮಿದುಳನ್ನು ಹೊರತೆಗೆದು ಇದೇ ಎಲ್‌ಪಿಎ ಬೆರೆತ ದ್ರವದಲ್ಲಿಟ್ಟಾಗ, ಹುಟ್ಟಿನಿಂದ ನುಣುಪಾದ ಇಲಿಯ ಮಿದುಳು ಮನುಷ್ಯನ ಮಿದುಳಿನಂತೆ ಮಡಿಕೆ ಮಡಿಕೆಯಾಯಿತು. ಚಾಚಿದ ತಂತುವಿಗೆ ‘ಹಿಂದೆ ಸರಿ’ ಎಂದ ಅಣು, ಇನ್ನೂ ಹುಟ್ಟುತ್ತಿರುವ ಕೋಶಗಳಿಗೆ ‘ಬಾಳು’ ಎನ್ನುತ್ತದೆ. ತುಡಿಕುಮ್‌ನ ಸ್ಫಿಂಗೊಸಿನ್ನಿನ ಕಥೆಯೂ ಇದೇ. ಅದಕ್ಕೆ ಒಂದು ಫಾಸ್ಫೇಟು ಸೇರಿದರೆ ಅದೂ ಸಂದೇಶವಾಹಕ. ಒಂದು ಬಗೆಯ ಕಿವಿಯ ಮೂಲಕ ಕೇಳಿದರೆ ತಂತು ಚಾಚುತ್ತದೆ. ಇನ್ನೊಂದು ಬಗೆಯ ಕಿವಿಯ ಮೂಲಕ ಕೇಳಿದರೆ ಮುದುಡುತ್ತದೆ ಎಂಬುದು ೨೦೦೪ರ ಹೊತ್ತಿಗೆ ತಿಳಿದುಬಂತು. ಸ್ಫಿಂಕ್ಸ್ ನೂರಿಪ್ಪತ್ತು ವರ್ಷಗಳ ಮೇಲೆ ಬಾಯಿ ಬಿಟ್ಟು, ಒಂದೇ ಮಾತಿನಲ್ಲಿ ಎರಡು ಅರ್ಥ ಹೇಳಿತು! ಮಾತಿನ ಅರ್ಥ ಆಡಿದವನ ನಾಲಿಗೆಯಲ್ಲಷ್ಟೇ ಇಲ್ಲ, ಕೇಳುವವನ ಕಿವಿಯಲ್ಲೂ ಇದೆ ಎಂದು ಸಹೃದಯನ ವಿಚಾರ ಮಾಡುವಾಗ ನಮ್ಮ ಕಾವ್ಯಮೀಮಾಂಸಕರು ಹೇಳುತ್ತಾರೆ. ಅದನ್ನು ಪರೀಕ್ಷೆಗೆ ಬರೆಯುವ ಹುಡುಗರಿಗೆ ನಾನಿನ್ನು ನರಕೋಶದ ಉದಾಹರಣೆಯನ್ನೂ ಕೊಡಬಹುದು.

ಈ ಬಳಗದಲ್ಲಿ ನಮಗೆ ಹತ್ತಿರದ ಹೆಸರಿನದು ಒಂದಿದೆ. ೧೯೯೨ರಲ್ಲಿ ಜೆರೂಸಲೇಮಿನಲ್ಲಿ ಡಿವೇನ್, ಹನುಶ್, ಮೆಶೂಲಮ್ ಮೊದಲಾದವರು ಹಂದಿಯ ಮಿದುಳಿನಿಂದ ಒಂದು ಜಿಡ್ಡಿನ ಅಣುವನ್ನು ಬೇರ್ಪಡಿಸಿದರು. ಭಂಗಿಯ ಸತ್ತ್ವ ಮಿದುಳಿನಲ್ಲಿ ಯಾವ ಗ್ರಾಹಕಕ್ಕೆ ಹೋಗಿ ಅಂಟಿಕೊಳ್ಳುತ್ತದೋ ಅದೇ ಗ್ರಾಹಕಕ್ಕೆ ಅಂಟಿಕೊಳ್ಳಲೆಂದು ಮೈ ತಾನೇ ತಯಾರಿಸಿಕೊಳ್ಳುವ ಪದಾರ್ಥ ಅದು. ಅವರು ಸಂಸ್ಕೃತದ ಆನಂದ ಶಬ್ದವನ್ನೇ ಎತ್ತಿಕೊಂಡು ಅದಕ್ಕೆ ‘ಆನಂದಮೈಡ್’ ಎಂದು ಹೆಸರಿಟ್ಟರು. ಆದರೆ ಆನಂದದ ಕೆಲಸ ಬರಿಯ ಆನಂದವಲ್ಲ. ಮಿದುಳು ಬೆಳೆಯುವಾಗ ಈ ಗ್ರಾಹಕ ಕೆಲವು ತಂತುಗಳ ಶಂಕುವಿನ ತುದಿಯಲ್ಲೇ ಕಾವಲು ಕೂತಿರುತ್ತದೆ. ಅದನ್ನು ತಟ್ಟಿದರೆ ಶಂಕು ಕುಸಿದು ತಂತು ಬೇರೆ ದಾರಿ ಹಿಡಿಯುತ್ತದೆ ಎಂದು ೨೦೦೭ರಲ್ಲಿ ಕಂಡುಬಂತು. ಗರ್ಭಿಣಿಯರು ಗಾಂಜಾ ಮುಟ್ಟಬಾರದೆಂದು ವೈದ್ಯರು ಹೇಳುವುದರ ಹಿಂದೆ ಈ ತಿಳಿವೂ ಇದೆ: ಮಗುವಿನ ಮಿದುಳು ಒಳಗೆ ಗುಟ್ಟಾಗಿ ಆಡಿಕೊಳ್ಳುತ್ತಿರುವ ಭಾಷೆಯಲ್ಲಿ ಹೊರಗಿನವನೊಬ್ಬ ನುಗ್ಗಿ ಕೂಗಿದಂತೆ ಅದು.

ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಜಪಾನಿನ ಸಂಶೋಧಕರು ೨೦೧೫ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ. ಚರ್ಮದಿಂದ ನೋವಿನ ಸುದ್ದಿ ತರುವ ತಂತುಗಳೂ, ಕೈಕಾಲು ಎಲ್ಲಿವೆ ಹೇಗಿವೆ ಎಂದು ಕಣ್ಣು ಮುಚ್ಚಿದಾಗಲೂ ತಿಳಿಸುವ ತಂತುಗಳೂ ಬೆನ್ನುಹುರಿಯನ್ನು ಒಟ್ಟಿಗೇ ಹೊಗುತ್ತವೆ. ಆದರೆ ಒಳಗೆ ಬೇರೆಬೇರೆ ಓಣಿ ಹಿಡಿದು ನಡೆಯುತ್ತವೆ. ಇವುಗಳನ್ನು ಬೇರೆ ಮಾಡುವವರು ಯಾರೆಂದು ಕೋಳಿಯ ಪಿಂಡದಲ್ಲಿ ನೋಡಿದರೆ, ಬೆನ್ನುಹುರಿಯ ನಡುಭಾಗದ ಪೋಷಕ ಕೋಶಗಳು ಸುರಿಸುವ ಒಂದು ಒಂಟಿ ಬಾಲದ ಜಿಡ್ಡು. ಅದು ನೋವಿನ ತಂತುಗಳಿಗೆ ಮಾತ್ರ ‘ಇತ್ತ ಬೇಡ’ ಎನ್ನುತ್ತದೆ. ಆ ಜಿಡ್ಡಿನ ಬಾಯಿ ಕಟ್ಟಿದಾಗ ನೋವಿನ ತಂತುಗಳು ಪಕ್ಕದ ಓಣಿಗೆ ದಾರಿ ತಪ್ಪಿ ಬಂದವು. ನೋವನ್ನು ಅದರ ದಾರಿಯಲ್ಲೇ ನಡೆಸುವುದೂ ಸ್ನೇಹದ ಕೆಲಸ ಎಂದು ತಿಳಿದಾಗ, ನನ್ನ ಹದಿನೆಂಟು ವರ್ಷದ ಶ್ಲೇಷೆ ಬಡವಾಗಿ ಕಂಡಿತು.

ಇಷ್ಟು ಕೇಳಿದ ಮೇಲೆ ‘ಹಾಗಾದರೆ ತುಪ್ಪ ಹೆಚ್ಚಿಗೆ ಬಡಿಸಬಹುದು’ ಎಂದು ಯಾರಾದರೂ ಎಲೆ ಮುಂದಿಟ್ಟುಕೊಂಡರೆ ಅವಸರವಾದೀತು. ಈ ಮಾತಿನ ಅಣುಗಳನ್ನು ಮಿದುಳು ತನ್ನ ಪೊರೆಯಿಂದ ತಾನೇ, ಬೇಕಾದಾಗ, ಬೇಕಾದಷ್ಟೇ ಕತ್ತರಿಸಿಕೊಳ್ಳುತ್ತದೆ. ಮೀನಿನಲ್ಲೂ ತಾಯಿಯ ಹಾಲಿನಲ್ಲೂ ಇರುವ ಒಂದು ಕೊಬ್ಬಿನಾಮ್ಲ ಬೆಳೆಯುವ ಮಿದುಳಿಗೆ ಬೇಕೆಂಬುದೂ, ಅದರಿಂದ ಮಿದುಳು ತಯಾರಿಸಿಕೊಳ್ಳುವ ಒಂದು ಅಣು ತಂತು ಚಾಚಲು ನೆರವಾಗುತ್ತದೆಂಬುದೂ ನಿಜ. ಉತ್ತರ ಕರ್ನಾಟಕದವರ ಅಗಸಿ ಹಿಂಡಿಯಲ್ಲಿ ಅದರ ಮೂಲಧಾತು ಇದೆ. ಆದರೆ ನಮ್ಮ ಮೈ ಅದರಲ್ಲಿ ಸ್ವಲ್ಪವನ್ನೇ ಬದಲಿಸಿಕೊಳ್ಳಬಲ್ಲದು. ಇನ್ನು ಅಜ್ಜಿಯರು ಕೂಸಿನ ನೆತ್ತಿಗೆ ಇಡುತ್ತಿದ್ದ ಎಣ್ಣೆ ಮಿದುಳಿಗೆ ಇಳಿಯುವುದಿಲ್ಲ. ಅಲ್ಲಿ ಇಳಿಯುತ್ತಿದ್ದುದು ಸ್ನೇಹದ ಎರಡನೆಯ ಅರ್ಥ. ಅದಕ್ಕೆ ಬೇರೆ ದಾರಿ ಇದೆ.

ಇವನ್ನೆಲ್ಲ ನಾನು ಇಷ್ಟು ಹಟ ಹಿಡಿದು ಓದಿದ್ದಕ್ಕೆ ಕುತೂಹಲವೊಂದೇ ಕಾರಣವಲ್ಲ. ನನ್ನ ತಂಗಿಯ ಮಗನಿಗೆ ಕಿಟಕಿಯ ಗಾಜು ಒಡೆದು ಮಣಿಕಟ್ಟಿನ ನರ ತುಂಡಾಗಿತ್ತು. ವೈದ್ಯರು ಹೊಲಿದು, “ದಿನಕ್ಕೆ ಒಂದು ಮಿಲಿಮೀಟರ್, ತಿಂಗಳಿಗೆ ಒಂದಂಗುಲ, ಕಾಯಿರಿ” ಎಂದರು. ತಿಂಗಳಿಗೊಮ್ಮೆ ಅಂಗೈಯ ಮೇಲೆ ಬೆರಳಿನಿಂದ ತಟ್ಟುತ್ತ ಹೋಗುವರು. ಎಲ್ಲಿ ಜುಮ್ಮೆನ್ನುತ್ತದೋ ಅಲ್ಲಿಗೆ ನರ ಬಂದು ಮುಟ್ಟಿದೆ ಎಂದರ್ಥ. ನಮ್ಮ ಮನೆಯವರೆಲ್ಲ ಆ ಜುಮ್ಮನ್ನು ದೂರದೂರಿನಿಂದ ಬರುವ ನೆಂಟರ ಹಾದಿ ಕಾದಂತೆ ಕಾದೆವು. ಅರ್ಧ ವರ್ಷ ಕಳೆಯಿತು, ಒಂದು ಬೆಳಿಗ್ಗೆ ಹುಡುಗ ಕಾಫಿಯ ಲೋಟ ಹಿಡಿದು, “ಮಾವ, ಸುಡ್ತಾ ಇದೆ!” ಎಂದು ಕೂಗಿದ. ಸುಟ್ಟಿತೆಂದು ಮನೆಯಲ್ಲಿ ಹಬ್ಬ ಮಾಡಿದ್ದು ಅದೊಂದೇ ಸಲ.

ಇನ್ನೊಬ್ಬ ನನ್ನ ಬಾಲ್ಯದ ಗೆಳೆಯ. ಸಾಗರದ ಕಡೆ ನಮ್ಮೂರಿನಲ್ಲಿ ಅವನಷ್ಟು ಚುರುಕಾದ ಕೊನೆಗಾರ ಇರಲಿಲ್ಲ. ಒಂದು ಅಡಿಕೆ ಮರದಿಂದ ಇಳಿಯದೆ ಪಕ್ಕದ ಮರಕ್ಕೆ ದಾಟಿಬಿಡುತ್ತಿದ್ದ. ಆರು ವರ್ಷದ ಹಿಂದೆ ಕೊಯ್ಲಿನ ಕಾಲದಲ್ಲಿ ಮರ ಮುರಿದು ಬಿದ್ದ, ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಸೊಂಟದ ಕೆಳಗೆ ಅವನ ಮೈ ಅವನದಲ್ಲ. ಅದೂ ನರ, ಇದೂ ನರ. ಕೈಯಿನದು ದಿನಕ್ಕೊಂದು ಮಿಲಿಮೀಟರ್ ನಡೆದು ಮನೆ ಸೇರಿತು, ಬೆನ್ನಿನದು ನಿಂತಲ್ಲೇ ನಿಂತಿದೆ. ಏಕೆ?

ಬೆನ್ನುಹುರಿಯ ನರಕ್ಕೆ ಬೆಳೆಯುವ ಶಕ್ತಿಯೇ ಇಲ್ಲವೆಂದು ಬಹಳ ಕಾಲ ನಂಬಿದ್ದರು. ೧೯೮೧ರಲ್ಲಿ ಕೆನಡಾದ ಆಗ್ವಾಯೋ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ದೊಡ್ಡ ಇಲಿಗಳ ಬೆನ್ನುಹುರಿಗೆ ಕಾಲಿನ ನರದ ತುಂಡನ್ನು ಸೇತುವೆಯಂತೆ ಜೋಡಿಸಿದಾಗ, ಬೆಳೆಯುವುದಿಲ್ಲವೆಂದಿದ್ದ ತಂತುಗಳೇ ಆ ಸೇತುವೆಯೊಳಗೆ ಬೆರಳುದ್ದ ಬೆಳೆದವು. ಶಕ್ತಿ ಇಲ್ಲದ್ದಲ್ಲ, ನೆರೆಹೊರೆ ಸರಿಯಿಲ್ಲ. ಕೈಯ ನರ ಹರಿದರೆ ಸುತ್ತಲಿನ ಕೋಶಗಳು ಹರಿದ ಹೊದಿಕೆಯ ಕೊಬ್ಬನ್ನು ಬೇಗ ಗುಡಿಸಿ ಹೊಸ ತಂತುವಿಗೆ ದಾರಿ ಮಾಡಿಕೊಡುತ್ತವೆ. ಬೆನ್ನುಹುರಿಯಲ್ಲಿ ಆ ಕಸ ಬಹುಕಾಲ ಹಾಗೆಯೇ ಬಿದ್ದಿರುತ್ತದೆ. ಅದರೊಳಗಿನ ಪ್ರೋಟೀನುಗಳು ‘ನಿಲ್ಲು’ ಎನ್ನುತ್ತವೆ, ಗಾಯದ ಕಲೆ ‘ನಿಲ್ಲು’ ಎನ್ನುತ್ತದೆ. ಸಾಲದುದಕ್ಕೆ ಪೆಟ್ಟು ಬಿದ್ದಲ್ಲಿ ನಮ್ಮ ಎಲ್‌ಪಿಎಯೂ ಏರುತ್ತದೆ. ಮಿದುಳು ಕಟ್ಟುವ ಕಾಲದಲ್ಲಿ ದಾರಿ ತಪ್ಪದಂತೆ ಕಾದ ಮಾತೇ, ಮುರಿದ ಮೇಲೆ ದಾರಿಗೆ ಅಡ್ಡ ನಿಲ್ಲುತ್ತದೆ. ೨೦೧೨ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬೆನ್ನುಹುರಿಗೆ ಪೆಟ್ಟಾದ ಇಲಿಗಳಿಗೆ ಈ ಅಣುವನ್ನು ಹಿಡಿದು ಕಟ್ಟುವ ಪ್ರತಿಕಾಯವನ್ನು ಕೊಟ್ಟಾಗ ಅವುಗಳ ನರಕೋಶ ಹೆಚ್ಚು ಉಳಿಯಿತು, ನಡಿಗೆ ಸುಧಾರಿಸಿತು. ಇಲಿಗೆ ಆದದ್ದು ಮನುಷ್ಯನಿಗೆ ಆಗುತ್ತದೆಂದು ಹೇಳುವಂತಿಲ್ಲ. ಗೆಳೆಯನಿಗೆ ಕೊಡುವಂಥ ಔಷಧ ಇದರಿಂದ ಇನ್ನೂ ಬಂದಿಲ್ಲ. ಆದರೆ ಈ ಭಾಷೆಯನ್ನು ಕಲಿತು ಮದ್ದು ಮಾಡುವುದು ಆಗದ ಮಾತೂ ಅಲ್ಲ. ನರದ ಹೊದಿಕೆಯನ್ನು ಮೈಯ ರಕ್ಷಕ ಕೋಶಗಳೇ ಕೆಡವುವ ರೋಗವೊಂದಿದೆ. ಅದನ್ನು ತಡೆಯಲು ತುಡಿಕುಮ್‌ನ ಒಗಟಿನ ಪದಾರ್ಥವನ್ನೇ ಹೋಲುವ ಫಿಂಗೊಲಿಮೋಡ್ ಎಂಬ ಗುಳಿಗೆಗೆ ೨೦೧೦ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಒಬ್ಬ ಮನುಷ್ಯ ಹಟ ಹಿಡಿದು ಜಿಡ್ಡು ಬೇರ್ಪಡಿಸಿದ್ದಕ್ಕೂ ಆ ಗುಳಿಗೆಗೂ ನಡುವೆ ೧೨೬ ವರ್ಷ.

ಹೋದ ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿದ್ದಾಗ ಗೆಳೆಯನ ಹತ್ತಿರ ಕುಳಿತು ಇದನ್ನೆಲ್ಲ ಹೇಳಿದೆ. ಹೇಳಬಾರದಿತ್ತೇನೋ ಎಂದು ನಡುವೆ ಅಳುಕೂ ಆಯಿತು. ಇಲ್ಲದ ಆಸೆ ಹುಟ್ಟಿಸುವುದು ಒಳ್ಳೆಯದಲ್ಲ. ಅವನು ಅಂಗಳದ ತಟ್ಟಿಯ ಆಚೆಯ ತೋಟವನ್ನು ನೋಡುತ್ತ ಸುಮ್ಮನೆ ಕೇಳಿದ. ಅವನ ಹೆಂಡತಿ ಅವನ ಕಾಲುಗಳಿಗೆ ಎಣ್ಣೆ ಹಚ್ಚಿ ನೀವುತ್ತಿದ್ದಳು. ಅವನಿಗೆ ಅದು ತಿಳಿಯುವುದಿಲ್ಲ. ಆದರೂ ಆರು ವರ್ಷಗಳಿಂದ ಒಂದು ದಿನವೂ ತಪ್ಪಿಸಿಲ್ಲ.

“ಅಂದ್ರೆ ಒಳಗಿರೋದಕ್ಕೆ ಹೋಗೋಕೆ ಮನಸ್ಸಿದೆ, ಯಾರೋ ಬೇಡ ಅಂತಿದಾರೆ. ಅಷ್ಟೇ ಅಲ್ವೇನೋ ಮಾರಾಯ?” ಎಂದ.

“ಹೆಚ್ಚುಕಡಮೆ ಅಷ್ಟೇ” ಎಂದೆ.

ಅವನು ಸ್ವಲ್ಪ ಹೊತ್ತು ಯೋಚಿಸಿ ನಕ್ಕ. “ನಂಗಿಷ್ಟು ದಿನ ನನ್ನ ಕಾಲೇ ನನ್ನ ಬಿಟ್ಟು ಹೋತು ಅಂತ ಸಿಟ್ಟಿತ್ತು ನೋಡು. ಪಾಪ, ಅದರ ತಪ್ಪಲ್ಲ” ಎಂದವನೇ, ಹೆಂಡತಿಯ ಕಡೆ ತಿರುಗಿ, “ಎಡದ ಕಾಲಿಗೆ ಇನ್ನಷ್ಟು ಹಚ್ಚೇ” ಎಂದ.